ಹುಳುಮನೆಯ ಮೊಳೆಗೆ ನೇತುಹಾಕಿದ ಗ್ಲೌಸು

ಫ್ರೆಂಡ್ಸ್, ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡೆ. ಇಳಿಯುತ್ತಲೇ ಇಲ್ಲ.

ಇವತ್ತು ಬೆಳಿಗ್ಗೆ ಮುಳ್ಳೂರಿನಲ್ಲಿ ನಮ್ಮ ಪಕ್ಕದ ಜಮೀನಿನ ಪುಟ್ಟಸ್ವಾಮಣ್ಣ ಟೊಮೆಟೊ ಗಿಡಕ್ಕೆ ಔಷಧಿ ಹೊಡೆಸುತ್ತಿದ್ದ. ಡ್ರಮ್ಮಿನಲ್ಲಿ ಅದನ್ನು ಕಲಸುತ್ತಿದ್ದವಳು ಕೂಲಿಗೆ ಬರುವ ಮಾದಮ್ಮ. ಒಂದು ಕೋಲು ಕೂಡ ಇಲ್ಲ, ಮೊಣಕೈವರೆಗೂ ಬರಿಗೈಯನ್ನೇ ಅದ್ದಿ ತಿರುಗಿಸುತ್ತಿದ್ದಳು. ಊಟದ ಹೊತ್ತಿಗೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬದುವಿನ ಮೇಲೆ ಕೂತು ಮುದ್ದೆ ಮುರಿದಳು.

"ಅಣ್ಣ, ಅವಳಿಗೊಂದು ಸೋಪಾದ್ರೂ ಕೊಡಬಾರದಾ?" ಅಂದೆ. ನಕ್ಕುಬಿಟ್ಟ.

"ಅವ್ಳಿಗೇನಾಯ್ತದೆ ಬುಡವ್ವ. ಎಷ್ಟು ವರ್ಸದಿಂದ ಕಲಸ್ತಾವ್ಳೆ. ಗಟ್ಟಿ ಜೀವ."

ಉಂಡೆದ್ದ ಮಾದಮ್ಮ ಅವನ ರೇಷ್ಮೆ ಹುಳುಮನೆಗೆ ಸೊಪ್ಪು ಹಾಕಲು ಹೊರಟಳು. ನಗುತ್ತಿದ್ದವನು ಕಿರುಚಿಕೊಂಡ: "ಏಯ್, ಅಲ್ಲೇ ನಿಂತ್ಕಮ್ಮಿ! ಔಷ್ದಿ ಕೈಲಿ ಸೊಪ್ಪು ಮುಟ್ಬ್ಯಾಡ, ಉಳ ಎಲ್ಲಾ ಸತ್ತೋಯ್ತವೆ!"

ತಕ್ಷಣ ಸೋಪು ಬಂತು, ಬಿಂದಿಗೆ ತುಂಬ ನೀರು ಬಂತು, ಉಟ್ಟಿದ್ದನ್ನು ಬದಲಾಯಿಸಲು ಅವನ ಹೆಂಡತಿಯ ಹಳೇ ಸೀರೆಯೂ ಬಂತು. ಮಾದಮ್ಮ ತಿಕ್ಕಿ ತಿಕ್ಕಿ ತೊಳೆದುಕೊಂಡ ಮೇಲೆಯೇ ಒಳಗೆ ಬಿಟ್ಟಿದ್ದು.

ಹುಳುಮನೆಯ ಬಾಗಿಲ ಪಕ್ಕ ಮೊಳೆಗೆ ರಬ್ಬರ್ ಗ್ಲೌಸು, ಮಾಸ್ಕು ನೇತಾಡುತ್ತಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು.

"ಬೆಳಿಗ್ಗೆ ಔಷಧಿ ಕಲಸುವಾಗ ಇವನ್ನ ಕೊಡೋಕೆ ಏನಾಗಿತ್ತಣ್ಣ?"

"ಅಯ್ಯೋ, ಅವು ಉಳದ ಮನೆಗೇ ಅಂತ ತಂದಿರಾವು ಕಣವ್ವ. ಒಲಕ್ಕೆ ತಕಂಡೋದ್ರೆ ಔಷ್ದಿ ಮೆತ್ಕಂಬುಡ್ತದೆ."

ಗ್ಲೌಸಿಗೆ ಔಷಧಿ ಮೆತ್ತಿಕೊಳ್ಳಬಾರದಂತೆ. ಅದಕ್ಕೆ ಮಾದಮ್ಮನ ಕೈ ಇದೆಯಲ್ಲ.