ಮಂಚದ ಕಡೆಗೆ ವಾಲಿದ ಸಸಿಗಳು

ಗಿರಿಜಾದೇವಿಗೆ ಕಳ್ಳಿ ಗಿಡ ಕಂಡರೆ ಆಗುತ್ತಿರಲಿಲ್ಲ. ಗಂಡ ಕೊಟ್ರಪ್ಪನೋ ಕತ್ರಿಗುಪ್ಪೆಯ ಆ ಪುಟ್ಟ ಮನೆಯ ತಾರಸಿ ತುಂಬ ಅವನ್ನೇ ಸಾಕಿಕೊಂಡಿದ್ದ. "ಮನೇಲಿ ಮುಳ್ಳು ಬೆಳೆಸಿದ್ರೆ ಜಗಳ ತಪ್ಪಲ್ಲ" ಎಂದು ಆಕೆ ಗೊಣಗಿದರೆ, "ನೀನಿರೋವಾಗ ಮುಳ್ಳಿಗ್ಯಾಕೆ ಆ ಕೆಲಸ" ಎನ್ನುತ್ತಿದ್ದ. ಆತ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಆಕೆ ಬೀದಿಯವರಿಗೆಲ್ಲ ರವಿಕೆ ಹೊಲಿಯುವವಳು. ಹೇಳಿದ ದಿನಕ್ಕೆ ಒಂದನ್ನೂ ಕೊಟ್ಟವಳಲ್ಲ, ಆದರೂ ಯಾರೂ ಬೇರೆ ಕಡೆ ಹೋಗುತ್ತಿರಲಿಲ್ಲ. ಹೊಲಿಗೆ ಅಷ್ಟು ಚೆನ್ನ. ಮಕ್ಕಳಿರಲಿಲ್ಲ.

ತೊಂಬತ್ತೊಂಬತ್ತನೇ ಇಸವಿಯ ಆಷಾಢ. ಕೊಟ್ರಪ್ಪ ತನ್ನ ಅತಿ ಪ್ರೀತಿಯ ಗಿಡದ ಹೂವಿಗೆ ಕುಂಚದಿಂದ ಪರಾಗ ಮುಟ್ಟಿಸಿ ಕಾಯಿ ಕಟ್ಟಿಸಿದ್ದ. ಅದನ್ನೊಡೆದು, ಸಾಸಿವೆಗಿಂತ ಸಣ್ಣ ಬೀಜಗಳನ್ನು ಟ್ರೇಯಲ್ಲಿ ಬಿತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ನಡುಮನೆಯಲ್ಲಿಟ್ಟ. ಆ ಕೋಣೆಗೆ ಕಿಟಕಿಯೇ ಇಲ್ಲ. ಹಾಗಾಗಿ ಟ್ರೇಯಿಂದ ಒಂದು ಗೇಣು ಮೇಲೆ ಎರಡು ಟ್ಯೂಬ್‌ಲೈಟು ಇಳಿಬಿಟ್ಟ. "ದೂರ ಆದ್ರೆ ಬೆಳಕು ಹುಡುಕ್ಕೊಂಡು ಉದ್ದುದ್ದ ಸೊರಗ್ತವೆ, ತೀರಾ ಹತ್ರ ಆದ್ರೆ ಕೆಂಪಗಾಗ್ತವೆ. ಬೆಳಗ್ಗೆ ಆರಕ್ಕೆ ಹಾಕು, ರಾತ್ರಿ ಎಂಟಕ್ಕೆ ಆರಿಸು" ಎಂದು ಹೆಂಡತಿಗೆ ಪಾಠ ಮಾಡಿದ. ಆಕೆ ಕಾಜಾ ಹೊಲಿಯುತ್ತ ಅರ್ಧಂಬರ್ಧ ಕೇಳಿಸಿಕೊಂಡಳು. ನಾಲ್ಕನೆಯ ದಿನ ಮಧ್ಯಾಹ್ನ, ಅದೇ ಕೋಣೆಯ ಮಂಚದ ಮೇಲೆ ಮಲಗಿದವನು ಏಳಲಿಲ್ಲ.

ಸತ್ತ ಜಾಗದಲ್ಲಿ ಹನ್ನೊಂದು ದಿನ ದೀಪ ಆರದಂತೆ ಕಾಯುವುದು ಅವರ ಮನೆತನದ ಪದ್ಧತಿ. ಆ ಬೆಳಕು ಇರುವವರೆಗೆ ಹೋದವರಿಗೆ ಮನೆ ಕಾಣುತ್ತದೆಯಂತೆ. ಎರಡನೆಯ ದಿನ, ಎಣ್ಣೆ ತುಂಬಿದ್ದರೂ ದೀಪ ಆರಿಹೋಯಿತು. ಗಾಳಿಯ ಸುಳಿವೇ ಇಲ್ಲದ ಕೋಣೆ! ನಾದಿನಿ ಕಮಲಾದೇವಿ ದೀಪವನ್ನೂ ಅತ್ತಿಗೆಯನ್ನೂ ನೋಡಿದಳು, ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ದರೇ ಚೆನ್ನಾಗಿತ್ತು. ಗಿರಿಜಾದೇವಿ ಗಾಬರಿಯಲ್ಲಿ ಮಂಚದ ಪಕ್ಕದ ಟ್ಯೂಬ್‌ಲೈಟು ತೋರಿಸಿ, "ಇನ್ಮೇಲೆ ಇದೇ ದೀಪ. ಇದನ್ನ ಆರಿಸಲ್ಲ" ಎಂದಳು. ಅದನ್ನು ಕೂರಿಸಿದ್ದ ತಗಡಿನ ಪಟ್ಟಿಗೆ ವಿಭೂತಿ ಹಚ್ಚಿ ಕೈಮುಗಿದಳು.

ಮರುದಿನ ಬೀಜ ಮೊಳೆತವು, ಹತ್ತೊಂಬತ್ತು.

ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದು ನೆಂಟರು ಹೊರಟರು. ಟ್ಯೂಬ್‌ಲೈಟು ಉರಿಯುತ್ತಲೇ ಇತ್ತು. ಕರೆಂಟ್ ಹೋದರೆ ಎಮರ್ಜೆನ್ಸಿ ಲ್ಯಾಂಪ್ ಹಿಡಿದು ಓಡುತ್ತಿದ್ದಳು. ಹನ್ನೊಂದು ದಿನ ಕಳೆದಿದ್ದು ಆಕೆಗೆ ಗೊತ್ತಿರಲಿಲ್ಲ ಎಂದೇನಲ್ಲ, ಸ್ವಿಚ್ಚಿನ ಹತ್ತಿರ ಕೈ ಹೋಗುತ್ತಿರಲಿಲ್ಲ ಅಷ್ಟೆ. ಅಷ್ಟರಲ್ಲಿ ತಾರಸಿಯ ಮೇಲಿನ ತಾಯಿಗಿಡ ಮಳೆಗೆ ಕೊಳೆತು ಕುಸಿಯಿತು. ಕೊಟ್ರಪ್ಪ ಕೈಯಾರೆ ಹುಟ್ಟಿಸಿದ್ದು ಅಂತ ಲೋಕದಲ್ಲಿ ಉಳಿದಿದ್ದು ಈ ಸಸಿಗಳೇ. ಮುಳ್ಳು ಕಂಡರಾಗದವಳು ಅವಕ್ಕೆ ಚಮಚದಲ್ಲಿ ನೀರುಣಿಸತೊಡಗಿದಳು.

ಆಗಲೇ ಆಕೆ ಗಮನಿಸಿದ್ದು. ಬೆಳಕು ನೆತ್ತಿಯ ಮೇಲಿದ್ದರೂ ಸಸಿಗಳೆಲ್ಲ ಮಂಚದ ಕಡೆಗೆ ವಾಲಿದ್ದವು. ಟ್ರೇ ತಿರುಗಿಸಿಟ್ಟಳು. ಎರಡು ದಿನಕ್ಕೆ ಮತ್ತೆ ಮಂಚದ ಕಡೆಗೆ. ಟ್ಯೂಬಿನ ಒಂದು ತುದಿ ಕಪ್ಪಾಗಿರುವುದೇ ಕಾರಣವೆಂದು ಹೊಸದು ಹಾಕಿಸಿದಳು. ಆಗಲೂ ಮಂಚದ ಕಡೆಗೇ. ಖಾಲಿ ಮಂಚದ ದಿಂಬನ್ನು ಬೆಳಗ್ಗೆ ತಟ್ಟಿ ಉಬ್ಬಿಸಿದರೆ ಮಧ್ಯಾಹ್ನದ ಹೊತ್ತಿಗೆ ನಡುವೆ ತಗ್ಗು ಬಿದ್ದಿರುತ್ತಿತ್ತು. ಹೆದರಿಕೆಯಾಗುತ್ತಿತ್ತು, ಸುಳ್ಳೇಕೆ ಹೇಳಬೇಕು. ಹೆದರಿಕೆಗಿಂತ ಒಂದು ಪಾಲು ಹೆಚ್ಚಾಗಿ ಖುಷಿಯಾಗುತ್ತಿತ್ತು. ಹೊಲಿಗೆ ಮೆಷಿನನ್ನೂ ಆ ಕೋಣೆಗೇ ಎಳೆದು ತಂದಳು.

ಆದರೆ ಸಸಿಗಳು ಸಾಯತೊಡಗಿದವು. ಮೊದಲು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಆಮೇಲೆ ಮುದುರಿಕೊಂಡು ಒಂದೊಂದಾಗಿ ಹೋದವು. ಏಳು ಉಳಿದಾಗ, ಪುಟ್ಟೇನಹಳ್ಳಿಯಲ್ಲಿದ್ದ ಗಂಡನ ಗಿಡದ ಗೆಳೆಯ ಉಗ್ರಪ್ಪನಿಗೆ ಫೋನ್ ಮಾಡಿ ಕರೆಸಿದಳು.

"ದಿನಕ್ಕೆ ಎಷ್ಟು ಹೊತ್ತು ಲೈಟ್ ಹಾಕ್ತೀರ ಮೇಡಂ?"

"ಆರಿಸೇ ಇಲ್ಲ. ಅವರು ಹೋಗಿ ನಲವತ್ತು ದಿನ ಆಯ್ತು, ಅವತ್ತಿಂದ."

ಉಗ್ರಪ್ಪ ಹಣೆ ಚಚ್ಚಿಕೊಂಡ. "ಇವು ಉಸಿರಾಡೋದೇ ಕತ್ತಲಲ್ಲಿ. ಇವತ್ತೇ ಆರಿಸಿ. ಇಲ್ಲಾಂದ್ರೆ ವಾರದಲ್ಲಿ ಒಂದೂ ಇರಲ್ಲ."

"ಆ ಕಡೆ ಯಾಕೆ ವಾಲಿವೆ?"

ಆತ ಟ್ಯೂಬು ನೋಡಿದ, ಗೋಡೆ ನೋಡಿದ, ಮಂಚ ನೋಡಿದ. "ಗೊತ್ತಾಗ್ತಿಲ್ಲ" ಎಂದವನು ಅರ್ಧ ಕಾಫಿ ಬಿಟ್ಟು ಎದ್ದು ಹೋದ.

ರಾತ್ರಿ ಎಂಟಕ್ಕೆ ಗಿರಿಜಾದೇವಿ ಸ್ವಿಚ್ಚಿನ ಮುಂದೆ ನಿಂತಳು. ಬೆಳಕು ಇಟ್ಟರೆ ಆತ ಇರುತ್ತಾನೆ, ಸಸಿ ಹೋಗುತ್ತವೆ. ಆರಿಸಿದರೆ ಸಸಿ ಉಳಿಯಬಹುದು, ಆತ? "ಸತ್ತ ಮೇಲೂ ನನಗೇ ಪೀಕಲಾಟ ತಂದಿಟ್ರಲ್ಲ" ಎಂದು ಬೈದು ಆರಿಸಿಬಿಟ್ಟಳು.

ಕಣ್ಣು ಕಿತ್ತಿಟ್ಟಂಥ ಕತ್ತಲೆ. ಮಂಚ ಕಿರುಗುಟ್ಟಿತು, ಮಲಗಿದ್ದವರು ಎದ್ದು ಕೂತಾಗ ಕಿರುಗುಟ್ಟುವಂತೆಯೇ. ಆಮೇಲೆ ಟ್ರೇಯ ಮೇಲಿನ ಪ್ಲಾಸ್ಟಿಕ್ ಯಾರೋ ಎತ್ತಿ ನೋಡಿದಂತೆ ಸರಸರ ಅಂದಿತು. ಸ್ವಿಚ್ಚು ಆಕೆಯ ಬೆರಳಿನ ತುದಿಯಲ್ಲೇ ಇತ್ತು, ಆದರೂ ಒತ್ತಲಿಲ್ಲ.

"ರೀ," ಎಂದಳು. "ಇವನ್ನ ನಾನು ನೋಡ್ಕೋತೀನಿ. ನೀವು ಹೊರಡಿ."

ಆಮೇಲೆ ಬಾಗಿಲ ಪರದೆ ಆಕೆಯ ಭುಜ ಸವರಿಕೊಂಡು ಎದ್ದು, ಬಿದ್ದಿತು.

ಹದಿನೈದು ದಿನ ಬಿಟ್ಟು ಉಗ್ರಪ್ಪ ಬಂದ. ಐದು ಸಸಿ ಬದುಕಿದ್ದವು, ಹಸಿರು ಬಂದಿತ್ತು. "ಸಖತ್ತಾಗಿವೆ ಮೇಡಂ! ನೆಟ್ಟಗೆ ನಿಂತಿವೆ ನೋಡಿ. ಕೊಟ್ರಪ್ಪ ಇದ್ದಿದ್ರೆ ಕುಣಿದಾಡ್ತಿದ್ದ."

"ಒಂದೂ ಮಂಚದ ಕಡೆ ವಾಲಿಲ್ವಾ? ಸರಿಯಾಗಿ ನೋಡಿ."

ಉಗ್ರಪ್ಪ ಕನ್ನಡಕ ಏರಿಸಿಕೊಂಡು, ಬಗ್ಗಿ, ಒಂದೊಂದನ್ನೂ ನೋಡಿದ. "ಇಲ್ಲ ಮೇಡಂ. ಒಂದೂ ಇಲ್ಲ."

ಗಿರಿಜಾದೇವಿ ಮಂಚದ ಮೇಲೆ ಕೂತಳು. ಈಗ ಅಲ್ಲಿ ಬೇಕಾದಷ್ಟು ಜಾಗವಿತ್ತು. ಪರರ ಮುಂದೆ ಎಂಬುದನ್ನೂ ಮರೆತು ಗಟ್ಟಿಯಾಗಿ ಅತ್ತಳು.