ಬೀರುವಿಗೂ ಕಿಟಕಿಗೂ ನಡುವಿನ ಆಫೀಸು

ಕೆಟ್ಟ ಫ್ರಿಜ್ಜಿನವರ ಸಿಟ್ಟನ್ನು ತಣ್ಣಗೆ ಮಾಡುವುದು ನಮ್ಮತ್ತಿಗೆಯ ಕೆಲಸ. ಮೊದಲು ಬಸ್ಸು ಹತ್ತಿ ಹೋಗಿ ಫೋನೆತ್ತುತ್ತಿದ್ದರು. ಬಾಡಿಗೆ ಉಳಿಸಲು ಕಂಪನಿ ಎಲ್ಲರನ್ನೂ ಮನೆಗೆ ಕಳಿಸಿದ ಮೇಲೆ, ಮಲಗುವ ಕೋಣೆಯ ಬೀರುವಿಗೂ ಕಿಟಕಿಗೂ ನಡುವಿನ ಸಂದಿಯೇ ಆಫೀಸಾಯಿತು. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಅವುಗಳಲ್ಲಿ ಮನೆಯ ಸದ್ದು ಮತ್ತೆ ಮತ್ತೆ ಕೇಳಿದರೆ ಕೆಲಸ ಹೋದಂತೆಯೇ. ಅಣ್ಣ ಅಂಗಡಿಯಲ್ಲಿ ಕೂತು ನೊಣ ಹೊಡೆಯುವ ವ್ಯಾಪಾರದಲ್ಲಿರುವುದರಿಂದ, ಮನೆ ನಡೆಯುವುದು ಅತ್ತಿಗೆಯ ಸಂಬಳದಲ್ಲೇ.

ಹಾಗಾಗಿ ಒಂದು ಕಾನೂನು ಬಂತು: ಕೋಣೆಯ ಚಿಲಕದಲ್ಲಿ ಕೆಂಪು ಟವೆಲ್ ತೂಗುತ್ತಿದ್ದರೆ ಉಸಿರೂ ತುದಿಗಾಲಲ್ಲಿ ನಡೆಯಬೇಕು. ಬೀದಿಯ ಆ ತುದಿಯವರನ್ನು ಈ ತುದಿಯಿಂದಲೇ ಮಾತಾಡಿಸುತ್ತಿದ್ದ ಅಮ್ಮನೇ ಅದನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದರು. ಸೀಟಿ ಹೊಡೆಯುತ್ತದೆಂದು ಕುಕ್ಕರನ್ನೂ ಅಟ್ಟಕ್ಕೇರಿಸಿದರು.

ಒಂದು ಬೆಳಗ್ಗೆ ಗಿರಾಕಿಯೊಬ್ಬರು ಐಸು ಕಟ್ಟದ ಫ್ರಿಜ್ಜಿನ ಕಥೆಯನ್ನು ಅದು ಹುಟ್ಟಿದಂದಿನಿಂದ ಹೇಳಿದರು. ಅದು ಮುಗಿದು ಅತ್ತಿಗೆ ಹೊರಬಂದರೆ, ಅಮ್ಮ ಬಚ್ಚಲ ಬಾಗಿಲಲ್ಲಿ, ಒದ್ದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ತುಟಿಯ ಮೇಲೆ ಬೆರಳು.

"ಮುಗೀತಾ?" ಎಂದು ಪಿಸುಗುಟ್ಟಿದರು.

"ಯಾವಾಗ ಬಿದ್ರಿ ಅತ್ತೆ?"

"ನಮಸ್ಕಾರ, ಏನು ಸಹಾಯ ಬೇಕು ಅಂದ್ಯಲ್ಲ, ಆಗ."

"ಕೂಗಬಾರ್ದಿತ್ತಾ?"

"ಕೂಗಿ ನಿನ್ನ ಕೆಲ್ಸ ಕಳೀಲಾ? ನಿನ್ನ ಕಾಲ್ ಮುಗೀಲಿ ಅಂತ ನನ್ನ ಕಾಲು ಹಿಡ್ಕೊಂಡು ಕೂತಿದ್ದೆ ಕಣೆ."

ಅತ್ತಿಗೆಗೆ ನಗು ಬರಲಿಲ್ಲ. ಅಮ್ಮನ ಪಾದಕ್ಕೆ ಬ್ಯಾಂಡೇಜ್ ಕಟ್ಟಿಸಿ ಕರೆತಂದವರೇ ಮೇಲಧಿಕಾರಿಗೆ ಫೋನು ಮಾಡಿದರು.

"ಸರ್, ನಮ್ಮನೇಲಿ ಇನ್ಮುಂದೆ ಸದ್ದು ಬರುತ್ತೆ."

"ಇದನ್ನೇ ಮೊದಲನೇ ಎಚ್ಚರಿಕೆ ಅಂತ ತಿಳ್ಕೊಳಿ. ಇನ್ನೊಂದು ಬಂದ್ರೆ ನನ್ನ ಕೈಲಿ ಏನೂ ಇಲ್ಲ."

"ಸರಿ ಸರ್."

ಆದರೆ ಅಮ್ಮನಿಗೆ ಕೂಗುವ ಅಭ್ಯಾಸವೇ ತಪ್ಪಿಹೋಗಿತ್ತು. ಎದ್ದು ಕೂರಲು ಆಸರೆ ಬೇಕಾದರೂ ಗೋಡೆ ನೋಡುತ್ತ ಮಲಗಿರುತ್ತಿದ್ದರು. ಅತ್ತಿಗೆ ಗದರಿದರು: "ನೀವು ಕೂಗ್ದೇ ಇದ್ರೆ ನಾನೇ ರಾಜೀನಾಮೆ ಕೊಡ್ತೀನಿ, ನೋಡಿ."

ಮರುದಿನ ಗಿರಾಕಿಯೊಬ್ಬ ಸಿಡಿಮಿಡಿಗುಟ್ಟುತ್ತಿದ್ದಾಗ ಹಜಾರದಿಂದ ಬಂತು: "ಏ ಹುಡುಗೀ, ಸ್ವಲ್ಪ ಬಾರೇ ಇಲ್ಲಿ." ಪಕ್ಕದ ಮನೆಯವರೂ ಎದ್ದು ಬರುವಷ್ಟು ಜೋರಾಗಿ.

"ಸರ್, ನಮ್ಮತ್ತೆ ಕರೀತಿದಾರೆ. ಲೈನಲ್ಲೇ ಇರಿ," ಎಂದು ಅತ್ತಿಗೆ ಎದ್ದರು. ಅಮ್ಮನನ್ನು ಎಬ್ಬಿಸಿ ಕೂರಿಸಿ ಬಂದು ಹೆಡ್‌ಫೋನ್ ಹಾಕಿಕೊಂಡಾಗ, ಆ ಕಡೆ ಗಿರಾಕಿ ಹೆಂಡತಿಯನ್ನು ಸುಮ್ಮನಿರಿಸುತ್ತಿದ್ದ: "ತಡಿಯೇ ಮಾರಾಯ್ತಿ, ಅವರತ್ತೆ ಕರೀತಿದಾರಂತೆ."

ಎರಡನೇ ಎಚ್ಚರಿಕೆ ಇನ್ನೂ ಬಂದಿಲ್ಲ. ಬಂದರೆ ಬರಲಿ ಎನ್ನುತ್ತಾರೆ ಅತ್ತಿಗೆ. ಬೇರೆ ಎರಡು ಕಂಪನಿಗಳಿಗೆ ಅರ್ಜಿಯನ್ನಂತೂ ಹಾಕಿಟ್ಟಿದ್ದಾರೆ.