ಗಂಟು ಮೊದಲು ಹೊರಟಿತು

ಹುರಿದ ಓಮಕ್ಕೆ ಒಣಶುಂಠಿ ಸೇರಿದ ವಾಸನೆ ಎಲ್ಲಿಂದಾದರೂ ಬಂದರೆ ನಾನು ಮಾತು ನಿಲ್ಲಿಸುತ್ತೇನೆ. ನನ್ನ ಬಾಯಿ ಮುಚ್ಚಿಸುವುದು ಎಷ್ಟು ಕಷ್ಟವೆಂದು ಬಲ್ಲವರು ಇದನ್ನು ನಂಬುವುದಿಲ್ಲ. ಸೇಲಂ ಸೀಮೆಯ ಕಡಯಂಪಟ್ಟಿ ಹತ್ತಿರ ನಮ್ಮ ಹೆಂಚಿನ ಮನೆಯಿದ್ದ ಜಾಗದ ಮೇಲೆ ಈಗ ಹೆದ್ದಾರಿ ಹಾದುಹೋಗಿದೆ. ಅಡುಗೆಮನೆಯಿದ್ದಲ್ಲಿ ಲಾರಿಗಳು ಗೇರ್ ಬದಲಿಸುತ್ತವೆ. ಆದರೂ ಆ ವಾಸನೆಗೆ ಅಜ್ಜಿ ಒಲೆ ಮುಂದೆ ಕೂತು, ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತ, ಬಾಣಂತಿ ಲೇಹ್ಯ ತಿರುವುವುದು ಕಾಣುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳವು. ಲೇಹ್ಯ ನನ್ನ ಅತ್ತೆಗೆ, ಅಪ್ಪನ ತಂಗಿಗೆ. ಅವಳ ಗಂಡ ದೂರದ ಕೋಡಿಯಕ್ಕರೆ ಕಡಲಂಚಿನ ಉಪ್ಪಿನ ಗದ್ದೆಯಲ್ಲಿ ಮೇಸ್ತ್ರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಿತ್ತು. ಬಸ್ಸಿನ ಕುಲುಕಾಟ ಕೂಡದೆಂದು ಡಾಕ್ಟರು ತಡೆದಿದ್ದರು. “ಅವ್ವ, ಎದರಿಕೆ ಆಗ್ತೈತೆ, ನೀನಾದ್ರೂ ಬಾ” ಎಂದು ತಮಿಳಕ್ಷರದಲ್ಲಿ ನಮ್ಮ ಮನೆಮಾತು ಕನ್ನಡ ಬರೆದು ಕಳಿಸಿದ್ದಳು.

ತಾತನಿಗೆ ವಾರಶೂಲದ ಭಯ. ಶನಿವಾರ, ಸೋಮವಾರ ಮೂಡಲಿಗೆ ಹೊರಡಬಾರದು. ಕಡಲೋ ಮೂಡಲಿಗೇ ಇತ್ತು. ಅದಕ್ಕೆ ನಮ್ಮಲ್ಲೊಂದು ಉಪಾಯ: ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ಪ್ರಯಾಣ ಶುರುವಾದಂತೆಯೇ, ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಶುಕ್ರವಾರ ಬೆಳಿಗ್ಗೆ ಲೇಹ್ಯದ ಡಬ್ಬಿ, ಮಗುವಿಗೆಂದು ಹಳೇ ಸೀರೆ ಹರಿದ ಮೆತ್ತನೆ ಬಟ್ಟೆ ಕಟ್ಟಿದ ಗಂಟು ಪಕ್ಕದ ಲಾರಿ ಡ್ರೈವರನ ಮನೆ ಸೇರಿತು. “ಒಂಟ್ವು ಅಂತ್ಲೇ ತಿಳ್ಕಳಿ” ಎಂದು ತಾತ ಜಗಲಿ ಮೇಲೆ ಕಾಲು ಚಾಚಿದ.

ಹೊರಟಾಯಿತಲ್ಲ, ಇನ್ನೇನು ಅವಸರ? ದಾರಿಯ ಜಗಳ ಶುರುವಾಯಿತು. ಬಸ್ಸೇ ಸರಿ, ಸೇಲಂ, ತಿರುಚ್ಚಿ, ತಂಜಾವೂರು ಎಂದು ಅಪ್ಪ ಬೆರಳು ಮಡಚಿದ. “ನಾಕು ಬಸ್ ಅತ್ತಿ ಇಳಿಯಾಕೆ ಅವ್ವಂಗೆ ಮಂಡಿ ಎಲ್ಲೈತೆ? ಈರೋಡಿಗೋಗಿ ರೈಲಿಡಿದ್ರೆ ಮನಿಕ್ಕಂಡೇ ಓಗ್ಬೌದು” ಎಂದ ಚಿಕ್ಕಪ್ಪ. “ರೈಲೇನು ಅವಳ ಬಾಗ್ಲಾಗೆ ನಿಲ್ತದಾ?” ಎಂದ ಅಪ್ಪ. ಪಕ್ಕದವನ ಲಾರಿ ಮಂಗಳವಾರ ಜವ್ವರಿಸಿ, ಅಂದರೆ ಸಾಬಕ್ಕಿ, ಹೊತ್ತು ನಾಗಪಟ್ಟಣಕ್ಕೆ ಹೋಗುತ್ತದಲ್ಲ, ಅದೇ ಸಾಕೆಂದ ತಾತ.

ಮನೆಯ ಕೋತಿ ನಾನಿದ್ದೆನಲ್ಲ. ಟವೆಲು ಹೆಗಲಿಗೆ ಹಾಕಿ ಕಂಡಕ್ಟರಾದೆ: “ತಿರುಚ್ಚಿ, ತಿರುಚ್ಚಿ! ಪಾಟಿ, ಸೀಕ್ರಂ ಏರು! ಪೋಲಾಂ ರೈಟ್!” ಎಂದು ಅಜ್ಜಿಯನ್ನು ಅವಸರವಸರವಾಗಿ ಬಸ್ಸು ಹತ್ತಿಸಿದೆ. ಆಮೇಲೆ ರೈಲಿನಲ್ಲಿ ಟೀ ಮಾರಿದೆ. ಲಾರಿಯಲ್ಲಿ ತಾತ ಗೊರಕೆ ಹೊಡೆಯುವುದನ್ನು ಮಾಡಿ ತೋರಿಸಿದಾಗ ತಾತನೇ ಕೆಮ್ಮಿ ಕೆಮ್ಮಿ ನಕ್ಕ. “ಇನ್ನೊಂದ್ ದಪ ಮಾಡ್ಲಾ” ಎಂದ ಚಿಕ್ಕಪ್ಪ. ಅಜ್ಜಿಯೂ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ, “ಅದ್ಸರಿ, ನಾಳಿಕೆ ಓಗದು ಯಾವುದ್ರಲ್ರೋ?” ಎಂದಳು. ಯಾರಾದರೂ ಉತ್ತರ ಹೇಳುವ ಮೊದಲೇ ನಾನು ಮತ್ತೆ ಟವೆಲು ಹೆಗಲಿಗೇರಿಸಿದೆ. ಶನಿವಾರ ಹಾಗೆ ಹೋಯಿತು. ಭಾನುವಾರವೂ.

ಸೋಮವಾರ ತಂತಿ ಬಂತು: ಸೀರಿಯಸ್, ಉಡನೆ ವರವುಂ, ಕೂಡಲೇ ಬನ್ನಿ ಅಂತ. ಸತ್ತವರನ್ನೂ ತಂತಿಯಲ್ಲಿ ಸೀರಿಯಸ್ ಎಂದೇ ಬರೆಯುತ್ತಿದ್ದ ಕಾಲ. ಪೋಸ್ಟ್‌ಮ್ಯಾನ್ ಕಣ್ಣೆತ್ತದೆ ಕೊಟ್ಟುಹೋದ. ತಾತ ಶೂಲದ ಮಾತೆತ್ತಲಿಲ್ಲ. ರಸ್ತೆಗೆ ಮೊದಲು ಬಂದ ಬಸ್ಸಿಗೆ ಅಪ್ಪ ಅಜ್ಜಿಯನ್ನು ಎತ್ತಿ ಹತ್ತಿಸಿ, ತಾನೂ ಹತ್ತಿದ. ಗಂಟು ಪಕ್ಕದ ಮನೆಯಲ್ಲೇ ಉಳಿಯಿತು.

ಹತ್ತು ದಿನ ಕಳೆದು ಇಬ್ಬರೂ ಬಂದರು. ಭಾನುವಾರ ಸಂಜೆಯೇ ತಾಯಿ, ಮಗು ಎರಡೂ ಹೋಗಿದ್ದವಂತೆ. “ಬಸ್ ಆರನ್ ಕೇಳಿದಾಗೆಲ್ಲ ಅವ್ವ ಬಂತಾ ನೋಡ್ರಿ ಅಂತಿದ್ಲಂತೆ” ಎಂದು ಬಾವಿಕಟ್ಟೆಯ ಹತ್ತಿರ ಅಪ್ಪ ಚಿಕ್ಕಪ್ಪನಿಗೆ ಹೇಳುವುದು ಕೇಳಿಸಿತು. ಅಜ್ಜಿ ಅಳಲಿಲ್ಲ, ಒಲೆ ಹಚ್ಚಲಿಲ್ಲ, ಯಾರನ್ನೂ ಬೈಯಲಿಲ್ಲ. ಹೇಗಾದರೂ ಮಾತಾಡಿಸಬೇಕೆಂದು ಪಕ್ಕ ಹೋಗಿ ಕೂತೆ. ಕೇಳಲು ಬೇರೇನೂ ತೋಚದೆ, “ಕಡಲು ಎಂಗಿತ್ತಜ್ಜಿ?” ಎಂದೆ.

“ಅವಳ್ನ ಮಣ್ಮಾಡಿದ್ ತಾವ್ಲೇ ಕೂತಿದ್ದೆ. ಕಡಲು ಬೆನ್ನಿಂದ್ಗಡೆ ಇತ್ತಂತೆ ಕಣ್ಲಾ” ಎಂದಳು. “ನಾನು ತಿರುಗಿ ನೋಡ್ಲಿಲ್ಲ.”